ಕಾಲರಿನ ಮೇಲೊಂದು ಇದ್ದಿಲ ಕೊಳವೆ

ಊದುಬತ್ತಿ ಹಚ್ಚಿದ ಕೋಣೆಗೆ ಹೊರಗಿನಿಂದ ಬಂದವರಿಗೆ ಘಮ್ಮೆಂದು ಪರಿಮಳ ಬಡಿಯುತ್ತದೆ. ಅಲ್ಲೇ ಅರ್ಧ ಗಂಟೆಯಿಂದ ಕೂತು ಓದುತ್ತಿರುವವರನ್ನು ಕೇಳಿ ನೋಡಿ, ‘ವಾಸನೆಯೇ ಬರ್ತಿಲ್ಲವಲ್ಲ’ ಅನ್ನಬಹುದು. ಹೊಗೆ ಕಡಿಮೆಯಾಗಿಲ್ಲ, ಅವರ ಮೂಗು ಅದಕ್ಕೆ ಒಗ್ಗಿಹೋಗಿದೆ.

ಕಾರ್ಖಾನೆಯಲ್ಲಿ ದುಡಿಯುವವರಿಗೆ ಮೂಗಿನ ಈ ಗುಣವೇ ಅಪಾಯ ತರಬಹುದು. ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಗಾಳಿಯಲ್ಲಿ ಚೂರೇ ಚೂರು ಇದ್ದರೂ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಆದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದರ ಪಾಲು ಸುಮಾರು 100ಕ್ಕೆ ಏರಿದರೆ ಮೂಗಿನ ಶಕ್ತಿಯೇ ಉಡುಗಿ, ನಾತ ತಿಳಿಯದಂತಾಗುತ್ತದೆ. ಅಪಾಯ ಹೆಚ್ಚಿದಾಗಲೇ ಎಚ್ಚರಿಕೆ ನಿಂತುಹೋಯಿತು! ಕಾರ್ಬನ್ ಮಾನಾಕ್ಸೈಡ್‌ಗಂತೂ ವಾಸನೆಯೇ ಇಲ್ಲ. ಆದ್ದರಿಂದ ಮೂಗನ್ನು ನಂಬಿ ಕೂರುವಂತಿಲ್ಲ, ಅಳೆಯಲೇಬೇಕು.

ಎಲ್ಲಿ ಅಳೆಯುವುದು? ಬಣ್ಣ ತಯಾರಿಸುವ ಒಂದು ಕಾರ್ಖಾನೆಯನ್ನು ಊಹಿಸಿಕೊಳ್ಳಿ. ಕೆಲಸಗಾರರೊಬ್ಬರು ತೊಟ್ಟಿಯ ಮೇಲೆ ಬಾಗಿ ಬಣ್ಣ ಕಲಕುತ್ತಿದ್ದಾರೆ. ಬಣ್ಣವನ್ನು ತೆಳುವಾಗಿಸಲು ಬೆರೆಸಿದ ಟೊಲುವೀನ್ ಎಂಬ ದ್ರವ ಆವಿಯಾಗಿ ನೇರವಾಗಿ ಅವರ ಮುಖಕ್ಕೆ ಬರುತ್ತಿದೆ. ಅದೇ ಆವಿ ಆಚೆ ಗೋಡೆ ತಲುಪುವಷ್ಟರಲ್ಲಿ ಸುತ್ತಲಿನ ಗಾಳಿಯಲ್ಲಿ ಬೆರೆತು ವಿರಳವಾಗಿರುತ್ತದೆ. ಗೋಡೆಗೆ ನೇತುಹಾಕಿದ ಯಂತ್ರ ‘ಎಲ್ಲ ಸರಿಯಿದೆ’ ಎಂದರೂ ಕೆಲಸಗಾರರು ಉಸಿರಾಡುವ ಗಾಳಿ ಸರಿ ಇರಬೇಕೆಂದಿಲ್ಲ.

ಹಾಗಾಗಿ ಯಂತ್ರವೇ ಕೆಲಸಗಾರರ ಜೊತೆ ಓಡಾಡಬೇಕು. 1960ರಲ್ಲಿ ಇಂಗ್ಲೆಂಡಿನ ಹಾರ್ವೆಲ್ ಅಣುಶಕ್ತಿ ಕೇಂದ್ರದ ಶೆರ್ವುಡ್ ಮತ್ತು ಗ್ರೀನ್‌ಹಾಲ್ಗ್, ಮೈಮೇಲೆ ಧರಿಸಿಕೊಂಡೇ ಕೆಲಸ ಮಾಡಬಹುದಾದ ಅಂಥದೊಂದು ಸಾಧನದ ವಿವರ ಪ್ರಕಟಿಸಿದರು. ಇಂದು ಅದರ ಹಲವು ಬಗೆಗಳಿವೆ. ಅವುಗಳಲ್ಲಿ ಒಂದು ಹೀಗಿದೆ: ಸೊಂಟದ ಬೆಲ್ಟಿಗೆ ಬ್ಯಾಟರಿಯಿಂದ ಓಡುವ ಪುಟ್ಟ ಪಂಪ್. ಅದರಿಂದ ಬೆನ್ನ ಮೇಲೆ ಹಾದು ಬರುವ ಮೆದುವಾದ ಪೈಪ್. ಅದರ ತುದಿಯಲ್ಲಿ, ಅಂಗಿಯ ಕಾಲರಿಗೆ ಸಿಕ್ಕಿಸಿದ, ಬೆರಳುದ್ದದ ಗಾಜಿನ ಕೊಳವೆ. ಮೂಗು–ಬಾಯಿಯಿಂದ ಸುಮಾರು 30 ಸೆಂಟಿಮೀಟರ್ ಒಳಗೇ ಅದು ಇರಬೇಕು.

ಆ ಕೊಳವೆಯಲ್ಲಿರುವುದು ತೆಂಗಿನ ಕರಟದಿಂದ ಮಾಡಿದ ಇದ್ದಿಲಿನ ಕಾಳುಗಳು! ಈ ಇದ್ದಿಲಿನ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ಪಂಪ್ ಎಳೆದ ಗಾಳಿ ಮುಂದೆ ಸಾಗುತ್ತದೆ, ಅದರಲ್ಲಿದ್ದ ಟೊಲುವೀನ್ ಆ ರಂಧ್ರಗಳಲ್ಲಿ ಅಂಟಿಕೊಂಡು ಉಳಿಯುತ್ತದೆ. ಕೊಳವೆಯೊಳಗೆ ಇದ್ದಿಲು ಎರಡು ಭಾಗವಾಗಿರುತ್ತದೆ: ಮುಂದೆ 100 ಮಿಲಿಗ್ರಾಂ, ಹಿಂದೆ 50 ಮಿಲಿಗ್ರಾಂ. ಹಿಂದಿನ ಭಾಗ ಕಾವಲುಗಾರ. ಅದರಲ್ಲೂ ಟೊಲುವೀನ್ ಹೆಚ್ಚಾಗಿ ಸಿಕ್ಕಿತೆಂದರೆ ಮುಂದಿನದು ತುಂಬಿ ಸೋರಿದೆ ಎಂದರ್ಥ. ಆ ಅಳತೆಯನ್ನು ಕೈಬಿಟ್ಟು ಹೊಸದಾಗಿ ಅಳೆಯಬೇಕು.

ಪಾಳಿ ಮುಗಿದ ಮೇಲೆ ಕೊಳವೆಗೆ ಮುಚ್ಚಳ ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಜೊತೆಗೆ, ಗಾಳಿ ಎಳೆಯದೆ ಬರೀ ತೆರೆದು ಮುಚ್ಚಿದ ಇನ್ನೊಂದು ಕೊಳವೆಯೂ ಹೋಗುತ್ತದೆ. ದಾರಿಯಲ್ಲೋ ಡಬ್ಬಿಯಲ್ಲೋ ಬೇರೆ ಆವಿ ಸೇರಿಕೊಂಡಿದ್ದರೆ ಅದು ಈ ಎರಡನೇ ಕೊಳವೆಯಲ್ಲಿ ಸಿಕ್ಕಿಬೀಳುತ್ತದೆ.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಪಂಪ್ ನಿಮಿಷಕ್ಕೆ 10 ಮಿಲಿಲೀಟರ್ ಗಾಳಿ ಎಳೆಯಿತು ಎನ್ನಿ. 8 ಗಂಟೆ ಎಂದರೆ 480 ನಿಮಿಷ. ಒಟ್ಟು 4.8 ಲೀಟರ್ ಗಾಳಿ. ಇದ್ದಿಲಿನಲ್ಲಿ 0.48 ಮಿಲಿಗ್ರಾಂ ಟೊಲುವೀನ್ ಸಿಕ್ಕಿತು. ಹಾಗಾದರೆ ಒಂದು ಲೀಟರಿಗೆ 0.1 ಮಿಲಿಗ್ರಾಂ, ಸಾವಿರ ಲೀಟರಿಗೆ, ಅಂದರೆ ಒಂದು ಘನ ಮೀಟರಿಗೆ, 100 ಮಿಲಿಗ್ರಾಂ.

ಇದು ಹೆಚ್ಚೋ ಕಡಿಮೆಯೋ? ಅದನ್ನು ಹೇಳಲು ಮಿತಿ ಬೇಕು. 1984ರ ಭೋಪಾಲ್ ಅನಿಲ ದುರಂತದ ನಂತರ, 1987ರಲ್ಲಿ ನಮ್ಮ ಆಗಿನ ಕಾರ್ಖಾನೆ ಕಾಯ್ದೆಗೆ ಇಂಥ ಮಿತಿಗಳ ಪಟ್ಟಿಯೊಂದನ್ನು ಸೇರಿಸಲಾಯಿತು. ಅದರಲ್ಲಿ 8 ಗಂಟೆಯ ಸರಾಸರಿಗೆ ಟೊಲುವೀನ್‌ನ ಮಿತಿ ಘನ ಮೀಟರಿಗೆ 375 ಮಿಲಿಗ್ರಾಂ ಎಂದಿತ್ತು. ನಮ್ಮ ಲೆಕ್ಕದ ಕೆಲಸಗಾರರು ಆ ಮಿತಿಯೊಳಗಿದ್ದಾರೆ.

ಆದರೆ ಸರಾಸರಿ ಕೆಲವೊಮ್ಮೆ ವಿಷಯ ಮುಚ್ಚಿಡುತ್ತದೆ. ಎರಡು ಗಂಟೆ 400, ಉಳಿದ ಆರು ಗಂಟೆ ಸೊನ್ನೆ ಇದ್ದರೂ ಸರಾಸರಿ 100 ಎಂದೇ ಬರುತ್ತದೆ! ತೊಟ್ಟಿ ತೆರೆಯುವ ಆ ಕೆಲವೇ ನಿಮಿಷಗಳಲ್ಲಿ ಆವಿ ಒಮ್ಮೆಲೇ ನುಗ್ಗಬಹುದು. ಅದಕ್ಕಾಗಿಯೇ ಆ ಪಟ್ಟಿಯಲ್ಲಿ 15 ನಿಮಿಷದ ಬೇರೆ ಮಿತಿಯೂ ಇತ್ತು.

ಅಳತೆಯಲ್ಲಿ ಆವಿ ಹೆಚ್ಚು ಕಂಡರೆ ಕೆಲಸಗಾರರಿಗೆ ಮುಖವಾಡ ಕೊಟ್ಟು ಸುಮ್ಮನಾಗುವುದು ಸರಿಯಲ್ಲ. ಅಷ್ಟು ಹಾನಿ ಮಾಡದ ದ್ರವ ಬಳಸಬಹುದೇ ಎಂದು ಮೊದಲು ನೋಡಬೇಕು. ಆಗದಿದ್ದರೆ ತೊಟ್ಟಿಗೆ ಮುಚ್ಚಳ ಹಾಕಬೇಕು, ಆವಿ ಮುಖಕ್ಕೆ ಬರುವ ಮೊದಲೇ ಅದನ್ನು ಹೊರಗೆಳೆಯುವ ಫ್ಯಾನ್ ಕೂರಿಸಬೇಕು. ಆಮೇಲೆ ಅದೇ ಕೆಲಸಗಾರರ ಕಾಲರಿಗೆ ಹೊಸ ಕೊಳವೆ ಸಿಕ್ಕಿಸಿ ಮತ್ತೆ ಅಳೆಯಬೇಕು. ಅಂಕಿ ಇಳಿದಿದ್ದರೆ ಮಾಡಿದ ಕೆಲಸ ಫಲಿಸಿದೆ, ಇಳಿಯದಿದ್ದರೆ ಇನ್ನೂ ಕೆಲಸ ಬಾಕಿಯಿದೆ. ಮತ್ತು ಆ ಅಂಕಿಯನ್ನು ಎಲ್ಲರಿಗಿಂತ ಮೊದಲು ತಿಳಿಯಬೇಕಾದವರು, ಆ ಗಾಳಿಯನ್ನು ಉಸಿರಾಡುವ ಕೆಲಸಗಾರರೇ.