ಮೇಳಕ್ಕೆ ಹೊರಟವರ ಊಟ, ವಸತಿ

ಸಿರುಗುಪ್ಪದಿಂದ ಆದೋನಿಗೆ ಹೋಗುವ ದಾರಿಯಲ್ಲಿ, ವೇದಾವತಿಯ ದಡದಲ್ಲಿ, ರಾರಾವಿ ಎಂಬ ಊರಿದೆ. ಇಂಥ ಗಡಿಸೀಮೆಯ ಊರಿನಿಂದ ಕಂಬಳಿಯನ್ನೋ ಕೌದಿಯನ್ನೋ ಗಂಟು ಕಟ್ಟಿಕೊಂಡು ದೂರದ ಕರಕುಶಲ ಪ್ರದರ್ಶನಕ್ಕೆ ಹೊರಡುವವರನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಳಿಗೆ ದೊರೆತಿದೆ, ಮಾಲೂ ಸಿದ್ಧವಾಗಿದೆ. ಇನ್ನು ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಹತ್ತು ದಿನದ ಮೇಳದಲ್ಲಿ ಬಂದ ಲಾಭವೆಲ್ಲ ಕೋಣೆಯ ಬಾಡಿಗೆಗೂ ಹೋಟೆಲಿನ ಬಿಲ್ಲಿಗೂ ಸರಿಹೋದರೆ, ಮನೆಗೆ ಮರಳುವಾಗ ಜೇಬಿನಲ್ಲಿ ಉಳಿಯುವುದು ಟಿಕೇಟಿನ ಚೂರು ಮಾತ್ರ.

ಆದ್ದರಿಂದ ಮೊದಲ ಎರಡು ದಿನದ ಊಟವನ್ನು ಮನೆಯಿಂದಲೇ ಒಯ್ಯಿರಿ. ನಮ್ಮ ಸೀಮೆಯ ಕಟಕ ಸಜ್ಜೆರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಇವು ಕೆಡುವ ಪದಾರ್ಥಗಳಲ್ಲ. ಮೊಸರೊಂದು ಸಿಕ್ಕಿದರೆ ಸಾಕು, ಯಾವ ಊರಿನಲ್ಲಿದ್ದರೂ ಊಟವಾಯಿತು. ಬಳ್ಳಾರಿಯ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಹಂಬಲವನ್ನು ಮಾತ್ರ ಕೆಲವು ದಿನ ಕಟ್ಟಿಡಬೇಕಾದೀತು!

ಬೆಂಗಳೂರಿಗೆ ಹೋಗುವವರಿಗೆ ಹಂಪಿ ಎಕ್ಸ್‌ಪ್ರೆಸ್ ಅನುಕೂಲ. ಬಳ್ಳಾರಿಯಲ್ಲಿ ರಾತ್ರಿ ಹತ್ತಿದರೆ ಒಂದು ರಾತ್ರಿಯ ಬಾಡಿಗೆ ಉಳಿಯಿತು. ಬೆಳಗ್ಗೆ ಇಳಿದಾಗ ರೈಲು ನಿಲ್ದಾಣದ ಸಮೀಪದಲ್ಲೇ ಗುಬ್ಬಿ ತೋಟದಪ್ಪನವರ ಧರ್ಮಛತ್ರವಿದೆ. ಪರಸ್ಥಳದಿಂದ ಬಂದವರಿಗೆ ತಂಗಲು ನೆರಳಾಗಲೆಂದು ಆ ವರ್ತಕರು ಕಟ್ಟಿಸಿದ ಛತ್ರ 1903ರಲ್ಲಿ ಆರಂಭವಾಯಿತು. ಇಂಥ ಕಡೆ ಜಾಗ ಹಿಡಿಯಲು ಮುಂಚಿತವಾಗಿ ವಿಚಾರಿಸುವುದು ಮೇಲು. ಛತ್ರಗಳಲ್ಲಿ ತಂಗುವ ದಿನಗಳಿಗೆ ಮಿತಿಯಿರುತ್ತದೆ; ಹತ್ತು ದಿನವೂ ಅಲ್ಲಿಯೇ ಇರುತ್ತೇವೆಂದು ಲೆಕ್ಕ ಹಾಕಬೇಡಿ. ಊಟಕ್ಕೆ, 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನುಗಳಲ್ಲಿ ನಿಲ್ಲಲು ಸಂಕೋಚವೇಕೆ? ಬಿಸಿ ಅನ್ನ ಬಿಸಿ ಅನ್ನವೇ. ಹೆಸರಾಂತ ಹೋಟೆಲಿನ ದೋಸೆಯನ್ನು ವ್ಯಾಪಾರ ಚೆನ್ನಾಗಿ ಆದ ದಿನಕ್ಕೆ ಇಟ್ಟುಕೊಳ್ಳಿ.

ಮೈಸೂರಿನ ಮಾತೇ ಬೇರೆ. ದಸರಾ ವಸ್ತುಪ್ರದರ್ಶನದ ಪರಂಪರೆ 1880ರಷ್ಟು ಹಳೆಯದು. ಹಬ್ಬದ ದಿನಗಳಲ್ಲಿ ಕೋಣೆಗಳ ಬಾಡಿಗೆ ಏರುತ್ತದೆ. ಪ್ರದರ್ಶನವೋ ಹಬ್ಬ ಮುಗಿದ ಮೇಲೂ ಬಹುದಿನ ನಡೆಯುತ್ತದೆ. ಅಷ್ಟು ಕಾಲ ಇರಬೇಕಾದವರು ದಿನಬಾಡಿಗೆಗೆ ಹೋಗದೆ, ನಾಲ್ಕು ಮಂದಿ ಕೂಡಿ ತಿಂಗಳ ಲೆಕ್ಕದಲ್ಲಿ ಒಂದು ಮನೆ ಹಿಡಿದು, ಸರದಿಯ ಮೇಲೆ ಅಡುಗೆ ಮಾಡಿಕೊಳ್ಳುವುದೇ ಜಾಣತನ.

ಹುಬ್ಬಳ್ಳಿ, ಧಾರವಾಡದ ಕಡೆ ಹೊರಟವರಿಗೆ ಚಿಂತೆ ಕಡಿಮೆ. ಅಲ್ಲಿ ಖಾನಾವಳಿಗಳಿವೆ. ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ ಬಡಿಸಿದರೆ ಪರವೂರೆಂಬ ಭಾವನೆಯೇ ಬಾರದು. ಖಾನಾವಳಿ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಬೋರ್ಡನ್ನು ನೋಡಬೇಡಿ. ಮಧ್ಯಾಹ್ನ ಒಂದು ಗಂಟೆಗೆ ಅಂಗಡಿಯ ಗುಮಾಸ್ತರೂ ಹಮಾಲರೂ ಎಲ್ಲಿ ನುಗ್ಗುತ್ತಾರೆಂಬುದನ್ನು ನೋಡಿ. ಸಿದ್ಧಾರೂಢ ಮಠದ ದಾಸೋಹವೂ ಇದೆ. ಅಲ್ಲಿ ಉಂಡವರು ಕಾಣಿಕೆಯನ್ನು ಮರೆಯಬಾರದು.

ಇನ್ನು ಹೆಣ್ಣುಮಕ್ಕಳ ವಿಷಯ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಆ ಕಸೂತಿ ಹಾಕುವ ಕೈಗಳು ಹೆಂಗಸರವು. 2023ರ ಜೂನಿನಿಂದ ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಅವರಿಗೆ ರಾಜ್ಯದೊಳಗೆ ಪ್ರಯಾಣ ಉಚಿತ. ಹಾಗೆಂದು ಗಂಟುಗಳೂ ಉಚಿತವೆಂದು ತಿಳಿಯಬೇಡಿ. ಮಿತಿ ಮೀರಿದ ಲಗೇಜಿಗೆ ಹಣ ತೆರಬೇಕು. ರಾತ್ರಿ ಮಳಿಗೆ ಮುಚ್ಚಿದ ಮೇಲೆ ಊರ ಹೊರಗಿನ ಅಗ್ಗದ ಕೋಣೆಗೆ ಆಟೋ ಹಿಡಿಯುವುದಕ್ಕಿಂತ, ಮೈದಾನದ ಸಮೀಪ ನೂರು ರೂಪಾಯಿ ಹೆಚ್ಚು ಕೊಟ್ಟು ನಡೆದು ಸೇರುವ ವಸತಿಯೇ ಲೇಸು. ಕೋಣೆಯ ಒಳಚಿಲಕ ಗಟ್ಟಿಯಾಗಿದೆಯೇ, ಗೋಡೆಗೆ ತೇವವಿದೆಯೇ, ಇವೆರಡನ್ನೂ ನೋಡಿದ ಮೇಲೆಯೇ ಮುಂಗಡ ಕೊಡಿ. ತೇವ ಹತ್ತಿದ ಬಟ್ಟೆಯನ್ನು ಯಾರು ಕೊಂಡಾರು?

ದಿಲ್ಲಿಯ ಕಡೆ ಸೂರಜಕುಂಡದ ಮೇಳ 1987ರಲ್ಲಿ ಆರಂಭವಾದದ್ದು. ಅದು ನಡೆಯುವುದು ಫೆಬ್ರುವರಿಯಲ್ಲಿ. ಕೇಂದ್ರದ ನೆರವಿನ ಮೇಳಗಳಲ್ಲಿ ಕುಶಲಕರ್ಮಿಗಳಿಗೆ ಪ್ರಯಾಣಭತ್ಯೆ, ದಿನಭತ್ಯೆ ಕೊಡುವ ಏರ್ಪಾಡುಂಟು. ಗುರುತಿನ ಚೀಟಿ ಜೊತೆಗಿರಲಿ. ವಸತಿ ಕೊಡುವರೇ, ಎಲ್ಲಿ ಕೊಡುವರು ಎಂಬುದನ್ನು ಹೊರಡುವ ಮೊದಲೇ ಕೇಳಿ, ಬರೆಸಿಕೊಳ್ಳಿ. ಭತ್ಯೆಯನ್ನೇ ನಂಬಿ ಬರಿಗೈಯಲ್ಲಿ ಹೊರಡಬೇಡಿ. ಅಲ್ಲಿಯ ರಾತ್ರಿಯ ಚಳಿ ಬಳ್ಳಾರಿಯ ಬಿಸಿಲಿಗೆ ಪಳಗಿದ ಮೈಗೆ ತಡೆಯದು. ಕಂಬಳಿ ಮಾರಲು ಹೋಗುವವರು ಒಂದನ್ನು ತಮಗಾಗಿ ಎತ್ತಿಟ್ಟುಕೊಳ್ಳಲಿ, ಗಿರಾಕಿ ಎಷ್ಟೇ ಬೆಲೆ ಹೇಳಿದರೂ.