ಮನೆಯೊಳಗಿನ ಪಾಠ, ತೆರೆದಿರಬೇಕಾದ ಬಾಗಿಲು

(ವಾರ್ಷಿಕೋತ್ಸವದ ಉಪನ್ಯಾಸದ ಲಿಖಿತ ರೂಪ)

 

ಪುಣೆಯಲ್ಲಿ ನೆಲೆಸಿರುವ ಕನ್ನಡ ಮಾಧ್ವ ಕುಟುಂಬಗಳಲ್ಲಿ ಮಗುವಿಗೆ ಮೂರು ವರ್ಷ ತುಂಬುತ್ತಲೇ ಶಾಲೆಯ ಚಿಂತೆ ಆರಂಭವಾಗುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಬೆಳಗಾಗುತ್ತಲೇ ಶಾಲೆಯ ಬಸ್ಸು ಬಂದು ನಿಲ್ಲುವುದರಿಂದ ಉಪನೀತನಾದ ಬಾಲಕನಿಗೆ ಸಂಧ್ಯಾವಂದನೆಗೆ ಹೊತ್ತಿಲ್ಲ. ಸಂಜೆ ಟ್ಯೂಷನ್ ಇರುವುದರಿಂದ ಅಜ್ಜಿಯ ಬಳಿ ಕುಳಿತು ಕಥೆ ಕೇಳುವುದಕ್ಕೂ ಹೊತ್ತಿಲ್ಲ. ಈ ಓಟವನ್ನು ಕಂಡು ಬೇಸತ್ತ ಕೆಲವು ತಾಯಿತಂದೆಯರು, "ಶಾಲೆಯನ್ನೇ ಬಿಡಿಸಿ ಮನೆಯಲ್ಲಿಯೇ ಕಲಿಸಿದರೆ ಹೇಗೆ?" ಎಂದು ಆಲೋಚಿಸುತ್ತಾರೆ. ಹೋಮ್ ಸ್ಕೂಲಿಂಗ್ ಎಂದು ಪ್ರಚಾರದಲ್ಲಿರುವ ಈ ಗೃಹಶಿಕ್ಷಣದ ಮಾರ್ಗವನ್ನು ಹಿಡಿದಿರುವ ಕುಟುಂಬಗಳು ಈ ನಗರದಲ್ಲಿ ಉಂಟು. ಅದನ್ನು ಹೊಗಳುವುದಾಗಲೀ ತೆಗಳುವುದಾಗಲೀ ಈ ಉಪನ್ಯಾಸದ ಉದ್ದೇಶವಲ್ಲ. ಆ ಮಾರ್ಗದಲ್ಲಿ ನಡೆಯುವ ತಾಯಿತಂದೆಯರಿಗೆ ದಿನದಿನವೂ ಎದುರಾಗುವ ಪ್ರಶ್ನೆಗಳಾವುವು, ಅವುಗಳಿಗೆ ಹಿಂದಿನವರ ಬದುಕಿನಿಂದ ಏನಾದರೂ ಬೆಳಕು ದೊರೆಯುವುದೇ ಎಂಬುದೇ ಇಲ್ಲಿಯ ವಿಚಾರ.

ಮನೆಯಲ್ಲಿ ವಿದ್ಯಾರಂಭವೆಂಬುದು ಈ ಪರಂಪರೆಗೆ ಹೊಸದೇನಲ್ಲ. ಪಾಜಕದಲ್ಲಿ ಬಾಲಕ ವಾಸುದೇವನಿಗೆ ಅಕ್ಷರ ತಿದ್ದಿಸಿದವರು ತಂದೆ ಮಧ್ಯಗೇಹ ಭಟ್ಟರೇ. ನಿನ್ನೆ ಬರೆದ ಅಕ್ಷರಗಳನ್ನೇ ಇಂದೂ ಏಕೆ ಬರೆಯುವುದೆಂದು ಮಗು ಕೇಳಿದ ಪ್ರಸಂಗ ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯವನ್ನು ಕೇಳಿದವರೆಲ್ಲರಿಗೂ ಪರಿಚಿತ. ಆದರೆ ಅದೇ ಗ್ರಂಥ ಮುಂದಿನ ಸಂಗತಿಯನ್ನೂ ಹೇಳುತ್ತದೆ. ಉಪನಯನವಾದ ಬಳಿಕ ತಂದೆ ಮಗನನ್ನು ಗುರುಗಳ ಬಳಿಗೆ ಕಳುಹಿಸಿದರು. ಅಲ್ಲಿ ಓರಗೆಯ ಬಾಲಕರೊಡನೆ ಓಟ, ಈಜು, ಮಲ್ಲಯುದ್ಧಗಳೂ ನಡೆದವು. ಅಂದರೆ ಮನೆ ಆರಂಭವಾಯಿತೇ ಹೊರತು ಎಲ್ಲೆಯಾಗಲಿಲ್ಲ. ಈ ಮಾತು ಮುಂದಿನ ವಿಚಾರಕ್ಕೆಲ್ಲ ಆಧಾರವಾಗಿರಲಿ.

ಮಗುವಿನ ವಿದ್ಯಾಭ್ಯಾಸವೆಲ್ಲವೂ ಮನೆಯಲ್ಲಿಯೇ ನಡೆದರೆ ಏನಾದೀತು ಎಂಬುದಕ್ಕೆ ಉಡುಪಿಗೂ ಪುಣೆಗೂ ಸಂಬಂಧಪಟ್ಟ ಒಂದು ನಿಜವಾದ ನಿದರ್ಶನವಿದೆ. ಕಾರ್ಕಳದ ಸಮೀಪದ ಮಾಳದವರಾದ ಅನಂತಶಾಸ್ತ್ರಿ ಡೋಂಗ್ರೆ ಎಂಬ ವಿದ್ವಾಂಸರು ಪೇಶವೆ ಎರಡನೆಯ ಬಾಜೀರಾಯನ ಕಾಲದಲ್ಲಿ ಪುಣೆಗೆ ಬಂದು ಶಾಸ್ತ್ರಾಧ್ಯಯನ ಮಾಡಿದರು. ಅವರ ಗುರುಗಳು ಅರಮನೆಯಲ್ಲಿ ರಾಣಿಗೆ ಸಂಸ್ಕೃತವನ್ನು ಹೇಳಿಕೊಡುತ್ತಿದ್ದರು. ರಾಣಿಯ ಬಾಯಿಂದ ಶ್ಲೋಕಗಳನ್ನು ಕೇಳಿದ ಶಿಷ್ಯರು, ತಮ್ಮ ಮನೆಯ ಹೆಣ್ಣುಮಕ್ಕಳಿಗೂ ಹೀಗೆಯೇ ಕಲಿಸಬೇಕೆಂದು ನಿಶ್ಚಯಿಸಿದರು. ಮನೆಯ ಹಿರಿಯರ ವಿರೋಧದಿಂದ ಮೊದಲ ಪ್ರಯತ್ನ ಕೈಗೂಡಲಿಲ್ಲ. ಮುಂದೆ ಎರಡನೆಯ ಪತ್ನಿ ಲಕ್ಷ್ಮೀಬಾಯಿಯವರಿಗೆ ಅವರು ಸಂಸ್ಕೃತ ಪಾಠ ಹೇಳಿದರು. ದೂರು ಉಡುಪಿಯವರೆಗೆ ಹೋಯಿತು. ಪೀಠಸ್ಥರೂ ಪಂಡಿತರೂ ಸೇರಿದ ಸಭೆಯಲ್ಲಿ ಶಾಸ್ತ್ರಿಗಳು ತಮ್ಮ ನಡೆಗೆ ಸಮಾಧಾನ ಹೇಳಬೇಕಾಯಿತು. ವೇದಗಳ ಮಾತು ಬೇರೆ, ಪುರಾಣಾದಿ ಸಂಸ್ಕೃತ ಗ್ರಂಥಗಳನ್ನು ಸ್ತ್ರೀಯರು ಓದುವುದರಲ್ಲಿ ದೋಷವಿಲ್ಲವೆಂಬುದಕ್ಕೆ ಅವರು ಪ್ರಮಾಣಗಳನ್ನು ಮುಂದಿಟ್ಟರು. ಸಭೆ ಒಪ್ಪಿತು, ಬಹಿಷ್ಕಾರ ಬೀಳಲಿಲ್ಲ. ಹೀಗೆಂದು ದಾಖಲಿಸಿದವರು ಅವರ ಮಗಳೇ.

ಆ ಮಗಳು 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನ ಮನೆಯಲ್ಲಿ ಜನಿಸಿದ ರಮಾಬಾಯಿ. ಆಕೆ ಶಾಲೆಯ ಮೆಟ್ಟಿಲನ್ನು ಹತ್ತಲಿಲ್ಲ. ಎಂಟನೆಯ ವಯಸ್ಸಿನಿಂದ ಹದಿನೈದರವರೆಗೆ ಪಾಠ ಹೇಳಿದವರು ತಾಯಿ ಲಕ್ಷ್ಮೀಬಾಯಿ. ಹಗಲೆಲ್ಲ ಮನೆವಾರ್ತೆಯಲ್ಲಿ ಮುಳುಗಿರುತ್ತಿದ್ದ ಆ ತಾಯಿಗೆ ಬೇರೆ ಬಿಡುವಿಲ್ಲದ ಕಾರಣ ಬೆಳಕು ಹರಿಯುವ ಮೊದಲೇ ಮಗುವನ್ನು ಎಬ್ಬಿಸಿ ಕಲಿಸುತ್ತಿದ್ದರು. ಕುಟುಂಬ ಕ್ಷೇತ್ರದಿಂದ ಕ್ಷೇತ್ರಕ್ಕೆ ಸಂಚರಿಸುತ್ತ ಪುರಾಣಪ್ರವಚನದಿಂದ ಜೀವಿಸುತ್ತಿತ್ತು. ಆ ಸಂಚಾರದಲ್ಲಿಯೇ ಬಾಲಕಿಗೆ ಭಾಗವತ ಕಂಠಸ್ಥವಾಯಿತು. ಮರಾಠಿಯ ಜೊತೆಗೆ ಕನ್ನಡ, ಹಿಂದಿ, ಬಂಗಾಳಿ ಭಾಷೆಗಳೂ ಬಂದವು. 1878ರಲ್ಲಿ ಕಲಕತ್ತೆಯ ವಿದ್ವತ್ಸಭೆ ಇಪ್ಪತ್ತು ವರ್ಷದ ಆ ತರುಣಿಗೆ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತು ಗೌರವಿಸಿತು. ಮನೆಯ ಪಾಠ ಎಷ್ಟು ಎತ್ತರಕ್ಕೆ ಒಯ್ಯಬಲ್ಲದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಾಗಿಲ್ಲ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಕ್ಷಾಮ ಬಂದಾಗ ಆ ಕುಟುಂಬದ ಬಳಿ ಇದ್ದ ಹಣ ಕರಗಿತು. ಶಾಸ್ತ್ರಗ್ರಂಥಗಳ ಹೊರತು ಲೋಕದ ಯಾವ ಉದ್ಯೋಗವನ್ನೂ ಅರಿಯದೆ ಬೆಳೆದದ್ದರಿಂದ ಜೀವನೋಪಾಯಕ್ಕೆ ದಾರಿಯೇ ತೋಚಲಿಲ್ಲವೆಂದು ರಮಾಬಾಯಿ 1907ರ ತಮ್ಮ ಆತ್ಮನಿವೇದನೆಯಲ್ಲಿ ತೋಡಿಕೊಂಡಿದ್ದಾರೆ. ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಕೊಂಡರು. ಉಳಿದ ಅಣ್ಣನೊಡನೆ ಆಕೆ ದೇಶವನ್ನೆಲ್ಲ ನಡೆದರು. ವಿವಾಹವಾಗಿ ಎರಡೇ ವರ್ಷಗಳಲ್ಲಿ ಪತಿಯನ್ನು ಕಳೆದುಕೊಂಡು 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಮರುವರ್ಷ ಇಂಗ್ಲೆಂಡಿನಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರು. ಈ ಕಡೆಯ ಸಂಗತಿಯನ್ನು ಮಾಧ್ವ ಸಭೆಯಲ್ಲಿ ಹೇಳುವುದು ಹಿತವೆನಿಸದಿರಬಹುದು. ಆದರೆ ಅದನ್ನು ಮುಚ್ಚಿಟ್ಟರೆ ಕಥೆಯ ಪಾಠವೇ ಕೈತಪ್ಪುತ್ತದೆ. ಈ ಬದುಕಿನಿಂದ ಮೂರು ಪ್ರಶ್ನೆಗಳು ಏಳುತ್ತವೆ. ಕಲಿಸುವ ಭಾರ ಯಾರದು? ಮನೆಯ ಪಾಠದಲ್ಲಿ ಬಿಟ್ಟುಹೋದದ್ದೇನು? ಮಗು ತಾನೇ ಕೇಳುವ ಪ್ರಶ್ನೆಗೆ ಮನೆಯಲ್ಲಿ ಸ್ಥಳವಿದೆಯೇ? ಇಂದಿನ ಗೃಹಶಿಕ್ಷಣದ ನಿತ್ಯದ ಸಂದೇಹಗಳೆಲ್ಲವೂ ಈ ಮೂರರಲ್ಲಿ ಅಡಗಿವೆ.

ಮೊದಲನೆಯದು ಭಾರದ ಪ್ರಶ್ನೆ. ಮನೆಯಲ್ಲಿ ಕಲಿಸೋಣವೆಂದು ನಿಶ್ಚಯಿಸುವವರು ಇಬ್ಬರು. ಬಹುಮಟ್ಟಿಗೆ ಕಲಿಸುವವರು ಒಬ್ಬರು, ಆ ಒಬ್ಬರು ತಾಯಿ. ತಂದೆ ಹಿಂಜವಡಿಯ ಕಚೇರಿಯಿಂದ ರಾತ್ರಿ ಎಂಟಕ್ಕೆ ಮನೆಗೆ ಬಂದು "ಇಂದು ಎಷ್ಟು ಪಾಠವಾಯಿತು?" ಎಂದು ವಿಚಾರಿಸಿದರೆ ಅದು ಸಹಾಯವಾಗಲಾರದು. ಮಡಿ, ಅಡುಗೆ, ಹಿರಿಯರ ಶುಶ್ರೂಷೆಗಳ ನಡುವೆ ತಾಯಿಗೆ ಪಾಠವೂ ಸೇರಿದರೆ ವರ್ಷದೊಳಗೆ ದಣಿವು ಕೋಪವಾಗಿ ಮಗುವಿನ ಮೇಲೆ ಹರಿಯುತ್ತದೆ. ಲಕ್ಷ್ಮೀಬಾಯಿಯವರು ನಿದ್ರೆಗೆಟ್ಟು ಕಲಿಸಿದ್ದು ಸ್ತುತ್ಯವೇ ಸರಿ. ಆದರೆ ಆ ನಿದ್ರೆಯನ್ನು ಎಲ್ಲ ತಾಯಂದಿರಿಂದಲೂ ಬಯಸುವುದು ನ್ಯಾಯವಲ್ಲ. ಆದ್ದರಿಂದ ನಿಶ್ಚಯಕ್ಕೆ ಮೊದಲೇ ಯಾವ ವಿಷಯ ಯಾರದು, ತಾಯಿ ಬಿಟ್ಟ ಉದ್ಯೋಗದ ವರಮಾನ ಹೇಗೆ ತೂಗುತ್ತದೆ, ವಾರದಲ್ಲಿ ಆಕೆಯ ಬಿಡುವಿನ ದಿನ ಯಾವುದು ಎಂಬುದನ್ನು ಬರೆದಿಡುವುದು ಲೇಸು. ತಂದೆ ಭಾನುವಾರದ ಗಣಿತವನ್ನು ವಹಿಸಿಕೊಳ್ಳಲಿ. ಅಜ್ಜ ಸ್ತೋತ್ರಪಾಠವನ್ನೂ ಅಜ್ಜಿ ದಾಸರ ಪದಗಳನ್ನೂ ವಹಿಸಿಕೊಳ್ಳಲಿ. ಮನೆಯ ಪಾಠಕ್ಕೆ ಶಾಲೆಯ ಆರು ಗಂಟೆಗಳೂ ಬೇಕಾಗಿಲ್ಲ. ಒಂದೇ ಮಗುವಿನೆದುರು ಕುಳಿತಾಗ ಬೆಳಗಿನ ಎರಡು ಮೂರು ಗಂಟೆಗಳು ಚಿಕ್ಕ ವಯಸ್ಸಿನಲ್ಲಿ ಧಾರಾಳವಾಗಿ ಸಾಲುತ್ತವೆ.

ಎರಡನೆಯದು ಬಿಟ್ಟುಹೋದದ್ದರ ಪ್ರಶ್ನೆ. ಇಲ್ಲಿ ಮೊದಲು ಕಾನೂನಿನ ಮಾತು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು ಅದರ 10ನೆಯ ಕಲಮು ಹೇಳುತ್ತದೆ. ಸೇರಿಸದ ಪೋಷಕರಿಗೆ ದಂಡವನ್ನು ಮಾತ್ರ ವಿಧಿಸಿಲ್ಲ. ಗೃಹಶಿಕ್ಷಣಕ್ಕೆ ಸ್ಪಷ್ಟವಾದ ಅನುಮತಿಯೂ ಅದರಲ್ಲಿಲ್ಲ. 2012ರ ತಿದ್ದುಪಡಿಯಿಂದ ವೇದಪಾಠಶಾಲೆಗಳನ್ನು ಕಾಯ್ದೆಯಿಂದ ಹೊರಗಿಡಲಾಯಿತು. ಆದರೆ ಮನೆ ಪಾಠಶಾಲೆಯೆನಿಸುವುದಿಲ್ಲ. ಆದ್ದರಿಂದ ದಾಖಲೆಗಳ ವಿಷಯದಲ್ಲಿ ಉದಾಸೀನತೆ ಸಲ್ಲದು. ಜನನಪತ್ರ, ಮಗು ಮಾಡಿದ ಬರವಣಿಗೆ, ಓದಿದ ಪುಸ್ತಕಗಳ ಪಟ್ಟಿ ಇವನ್ನು ವರ್ಷವರ್ಷಕ್ಕೂ ಒಂದು ಕಡತದಲ್ಲಿ ಇಟ್ಟುಕೊಂಡು ಬರಬೇಕು. ಶಾಲೆಗೆ ಹೋಗಿ ಬಿಟ್ಟ ಮಗುವಾಗಿದ್ದರೆ ಶಾಲೆ ಬಿಟ್ಟ ದಾಖಲೆಯನ್ನು ಜೋಪಾನ ಮಾಡಬೇಕು. ಮಹಾರಾಷ್ಟ್ರ ಮಂಡಳಿಯ ಹತ್ತನೆಯ ಪರೀಕ್ಷೆಗೆ ಹದಿನೇಳನೆಯ ನಂಬರಿನ ಫಾರ್ಮ್ ತುಂಬಿ ಖಾಸಗಿಯಾಗಿ ಕೂರುವವರಿಗೆ ಅದು ಅವಶ್ಯ.

ಶಾಲೆಯ ಮುಖವನ್ನೇ ಕಾಣದ ಮಗುವಿಗೂ ಪರೀಕ್ಷೆಯ ದಾರಿ ಮುಚ್ಚಿಲ್ಲ. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಗೆ ಪುಣೆಯಲ್ಲಿ ಪ್ರಾದೇಶಿಕ ಕೇಂದ್ರವಿದೆ. ಹದಿನಾಲ್ಕು ವರ್ಷ ತುಂಬಿದ ಮಗು ಅದರ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ನೋಂದಾಯಿಸಿಕೊಳ್ಳಬಹುದು. ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು. ಎಲ್ಲವನ್ನೂ ಒಂದೇ ಸಲಕ್ಕೆ ಬರೆಯಬೇಕೆಂಬ ನಿರ್ಬಂಧವಿಲ್ಲ, ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳುಂಟು. ಅಲ್ಲಿಯ ಭಾಷಾವಿಷಯಗಳಲ್ಲಿ ಕನ್ನಡವೂ ಸಂಸ್ಕೃತವೂ ಇವೆ. ವೇದಾಧ್ಯಯನ, ಸಂಸ್ಕೃತ ವ್ಯಾಕರಣಗಳೂ ಇವೆ. ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ಪ್ರಿಯವಾದ ವಿಷಯಗಳನ್ನಷ್ಟೇ ಆರಿಸಿ ಗಣಿತ ವಿಜ್ಞಾನಗಳನ್ನು ಬಿಟ್ಟರೆ ಪ್ರಮಾಣಪತ್ರ ದೊರೆತೀತು; ಆದರೆ ಎಂಜಿನಿಯರಿಂಗ್ ಅಥವಾ ವೈದ್ಯಕೀಯದ ಬಾಗಿಲು ಹದಿನಾರನೆಯ ವಯಸ್ಸಿನಲ್ಲಿಯೇ ಮುಚ್ಚಿಹೋಗುತ್ತದೆ. ಆ ಬಾಗಿಲನ್ನು ಮುಚ್ಚುವ ಹಕ್ಕು ತಂದೆಗೂ ಇಲ್ಲ, ತಾಯಿಗೂ ಇಲ್ಲ. ಮುಂದೆ ಮಗು ಬಯಸಿದರೆ ಒಳಹೊಗುವಂತೆ ಅದನ್ನು ತೆರೆದಿಡುವುದೇ ಅವರ ಹೊಣೆ. ಕ್ಷಾಮದಲ್ಲಿ ಡೋಂಗ್ರೆ ಕುಟುಂಬ ಪಟ್ಟ ಪಾಡು ಕಲಿಸುವ ಪಾಠ ಇದೇ. ಭಾಗವತವನ್ನು ಕಲಿಸಿದ್ದು ತಪ್ಪಲ್ಲ. ಅದೊಂದನ್ನೇ ಕಲಿಸಿದ್ದು ಸಾಲದಾಯಿತು.

ಭಾಷೆಯ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಮನೆಯಲ್ಲಿ ಕಲಿಯುವ ಮಗುವಿಗೆ ಕನ್ನಡದ ಓದು ಬರಹ ಸಹಜವಾಗಿ ಒದಗುವುದು ದೊಡ್ಡ ಲಾಭ. ಆದರೆ ಮರಾಠಿಯನ್ನು ಬಿಡಲಾಗದು. 2020ರ ಕಾಯ್ದೆಯಂತೆ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಗಿದೆ. ಶಾಲೆಗೆ ಹೋಗದ ಮಗುವಿಗೆ ಆ ಕಡ್ಡಾಯವಿಲ್ಲವಾದರೂ ಅವಶ್ಯಕತೆ ಇದ್ದೇ ಇದೆ. ನೆರೆಮನೆಯ ಆಜಿಯೊಡನೆ ಮಾತಾಡಲು ಬಾರದ ಮಗು ಈ ಊರಿನಲ್ಲಿ ಅತಿಥಿಯಾಗಿಯೇ ಉಳಿಯುತ್ತದೆ. ಊರೂ ಒಂದು ಪಾಠಶಾಲೆಯೇ. ಮಹಾತ್ಮಾ ಫುಲೆ ಮಂಡಿಯಲ್ಲಿ ಕಾಯಿಪಲ್ಯ ಕೊಂಡು ಚಿಲ್ಲರೆ ಎಣಿಸುವುದು ಗಣಿತ. ಬಾಜೀರಾವ್ ರಸ್ತೆಯ ಕೇಳಕರ ವಸ್ತುಸಂಗ್ರಹಾಲಯದ ದೀಪಗಳನ್ನೂ ಅಡಕೊತ್ತುಗಳನ್ನೂ ನೋಡುವುದು ಚರಿತ್ರೆ. ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ಸಿದ್ಧಪಡಿಸಿದ ಭಾಂಡಾರಕರ ಸಂಸ್ಥೆ ಈ ಊರಿನಲ್ಲಿದೆ. ಫೆಬ್ರವರಿ 28ರ ವಿಜ್ಞಾನ ದಿನದಂದು ಆಯುಕಾದಂತಹ ಖಗೋಲಸಂಸ್ಥೆ ಸಾರ್ವಜನಿಕರಿಗೆ ಬಾಗಿಲು ತೆರೆಯುವುದುಂಟು. ಇಷ್ಟೆಲ್ಲ ಇರುವಾಗ ಮನೆಪಾಠವೆಂದರೆ ನಾಲ್ಕು ಗೋಡೆಗಳ ಪಾಠವಾಗಬೇಕಾಗಿಲ್ಲ.

ಗೆಳೆಯರ ವಿಷಯದಲ್ಲಿ ಬಂಧುಗಳು ಎತ್ತುವ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕಬಾರದು. ಸೊಸೈಟಿಯ ಅಂಗಳದಲ್ಲಿ ಯಾರೋ "ಕಿತವೀತ ಆಹೇಸ್?" ಎಂದು ಕೇಳುತ್ತಾರೆ. ಎಷ್ಟನೆಯ ಇಯತ್ತೆ ಎಂದು ಹೇಳಲಾಗದೆ ಮಗು ತಾಯಿಯ ಮುಖವನ್ನು ನೋಡುತ್ತದೆ. ಆ ಒಂದು ಕ್ಷಣದ ಸಂಕೋಚ ಚಿಕ್ಕದಲ್ಲ. "ಮನೆಯಲ್ಲಿ ಓದುತ್ತೇನೆ, ಈಗ ಭಿನ್ನರಾಶಿ ನಡೆಯುತ್ತಿದೆ" ಎಂದು ನಗುತ್ತ ಹೇಳುವುದನ್ನು ಮಗುವಿಗೆ ಅಭ್ಯಾಸ ಮಾಡಿಸಬೇಕು. ಅದಕ್ಕಿಂತ ಮಿಗಿಲಾಗಿ ದಿನವೂ ಸಂಜೆ ಆಟದ ಮೈದಾನಕ್ಕೆ ಕಳುಹಿಸಬೇಕು. ಎಲ್ಲ ಮನೆತನದ ಮಕ್ಕಳೊಡನೆಯೂ ಆಡಬೇಕು, ಸೋಲಬೇಕು, ಜಗಳವಾಡಿ ಮತ್ತೆ ಕೂಡಬೇಕು. ಮಠದ ಬಾಲಗೋಷ್ಠಿಯೊಂದೇ ಅದಕ್ಕೆ ಸಾಲದು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದುದು. ಸಂಪ್ರದಾಯ ಉಳಿಯಲೆಂದೇ ಶಾಲೆಯನ್ನು ಬಿಡಿಸಿದವರು, ಮಗು ಹದಿಮೂರನೆಯ ವಯಸ್ಸಿನಲ್ಲಿ "ಏಕಾದಶಿಯ ಉಪವಾಸ ಏಕೆ?" ಎಂದು ಕೇಳಿದಾಗ ಏನು ಹೇಳುತ್ತಾರೆ? "ಹಿರಿಯರು ಮಾಡಿದ್ದಾರೆ, ನೀನೂ ಮಾಡು" ಎಂದರೆ ಆ ದಿನಕ್ಕೆ ಬಾಯಿ ಮುಚ್ಚೀತು. ಪ್ರಶ್ನೆ ಒಳಗೇ ಉಳಿಯುತ್ತದೆ. ಪೂರ್ವಪಕ್ಷವನ್ನು ಎದುರಾಳಿಗಿಂತ ಚೆನ್ನಾಗಿ ಮಂಡಿಸಿ ಅನಂತರ ಉತ್ತರ ಹೇಳುವ ವಾದಗ್ರಂಥಗಳ ಪರಂಪರೆಗೆ ಸೇರಿದ ಮನೆಗಳಲ್ಲಿ ಮಗುವಿನ ಪೂರ್ವಪಕ್ಷಕ್ಕೆ ಹೆದರಬೇಕಾದ ಕಾರಣವಿಲ್ಲ. ಉತ್ತರ ತಿಳಿಯದಿದ್ದರೆ "ತಿಳಿಯದು, ಆಚಾರ್ಯರನ್ನು ಕೇಳೋಣ" ಎಂದು ಒಪ್ಪಿಕೊಳ್ಳುವುದೂ ಪಾಠವೇ. ರಮಾಬಾಯಿಯವರ ಕಥೆಯಿಂದ ಮನೆಯ ಶಿಕ್ಷಣ ಮತಾಂತರಕ್ಕೆ ದಾರಿಯೆಂದು ತೀರ್ಮಾನಿಸುವುದು ತಪ್ಪು. ಶಾಲೆಗೆ ಹೋದವರೂ ಬೇರೆ ದಾರಿ ಹಿಡಿದಿದ್ದಾರೆ. ಇಷ್ಟು ಮಾತ್ರ ನಿಜ: ಶಿಕ್ಷಣ ಬುದ್ಧಿಯನ್ನು ಕೊಡುತ್ತದೆ, ಕೊಟ್ಟ ಬುದ್ಧಿ ತನ್ನದೇ ನಿರ್ಣಯ ಮಾಡುತ್ತದೆ. ಫಲದ ಭರವಸೆಯಿಂದ ಕಲಿಸುವವರಿಗೆ ನಿರಾಶೆ ತಪ್ಪದು; ಕರ್ತವ್ಯವೆಂದು ಕಲಿಸಿ ಫಲವನ್ನು ಭಗವಂತನಿಗೆ ಬಿಡುವವರಿಗೆ ಮಾತ್ರ ಮಗುವಿನೊಡನೆ ಸ್ನೇಹ ಉಳಿಯುತ್ತದೆ.

ಕಡೆಯದಾಗಿ ಒಂದು ಮಾತು. ಗೃಹಶಿಕ್ಷಣದ ನಿಶ್ಚಯ ಒಮ್ಮೆ ಮಾಡಿ ಮುಗಿಸುವಂತಹುದಲ್ಲ. ಪ್ರತಿವರ್ಷ ಯುಗಾದಿಯಂದು ಪಂಚಾಂಗಶ್ರವಣವಾದ ಮೇಲೆ ತಾಯಿ, ತಂದೆ, ಮಗು ಮೂವರೂ ಕುಳಿತು ಕೇಳಿಕೊಳ್ಳಲಿ. ತಾಯಿ ದಣಿದಿದ್ದಾಳೆಯೇ? ಏನು ಬಿಟ್ಟುಹೋಗಿದೆ? ಮಗುವಿಗೆ ಶಾಲೆಗೆ ಹೋಗುವ ಆಸೆಯಿದೆಯೇ? ಮೂರನೆಯದಕ್ಕೆ ಮಗು ಹೌದೆಂದರೆ, ಮುಂದಿನ ಜೂನ್ ತಿಂಗಳಲ್ಲಿ ಶಾಲೆಗೆ ಸೇರಿಸುವುದು ಸೋಲಲ್ಲ. ಪಾಜಕದ ತಂದೆಯೂ ಅಕ್ಷರ ಕಲಿಸಿದ ಮೇಲೆ ಮಗನನ್ನು ಹೊರಗೆ ಕಳುಹಿಸಿದರು. ಶಾಲೆಗೆ ಕಳುಹಿಸುವ ಮನೆಗಳೂ ಇದೇ ಪ್ರಶ್ನೆಗಳನ್ನು ಕೇಳಿಕೊಂಡರೆ, ಶಾಲೆಯ ಶುಲ್ಕ ಕಟ್ಟಿದ ಮಾತ್ರಕ್ಕೆ ಹೊಣೆ ತೀರಲಿಲ್ಲವೆಂಬ ಅರಿವು ಅಲ್ಲಿಯೂ ಮೂಡೀತು. ಬೆಳಗಿನ ಜಾವ ಒಬ್ಬ ತಾಯಿ ಹಚ್ಚಿದ ದೀಪದ ಮುಂದೆ ಕುಳಿತು ಓದಿದ ಬಾಲಕಿಯನ್ನು ನೆನೆಯುವ ಮನೆಗಳು ಆ ದೀಪವನ್ನೂ ಕಾಪಾಡಲಿ, ಬಾಗಿಲನ್ನೂ ತೆರೆದಿಡಲಿ.

ಶ್ರೀಕೃಷ್ಣಾರ್ಪಣಮಸ್ತು.