ಗ್ದಾನ್ಸ್ಕ್: ಹಳೆಯ ಹೆಸರಿನ ಹೊಸ ಊರು

ಪೋಲೆಂಡು ದೇಶದ ಉತ್ತರದಂಚಿನಲ್ಲಿ, ವಿಸ್ಟುಲಾ ನದಿಯು ಬಾಲ್ಟಿಕ್ ಸಮುದ್ರವನ್ನು ಸೇರುವೆಡೆಯಲ್ಲಿ, ಪ್ರಾಚೀನವಾದ ಒಂದು ರೇವುಪಟ್ಟಣವಿದೆ. ಜರ್ಮನರು ಅದನ್ನು ಡಾನ್ಸಿಗ್ ಎಂದರು; ಪೋಲರು ಗ್ದಾನ್ಸ್ಕ್ ಎನ್ನುತ್ತಾರೆ. ಗಕಾರದ ಬೆನ್ನಿಗೇ ದಕಾರವನ್ನು ತಂದು ನಿಲ್ಲಿಸುವ ಈ ಹೆಸರಿಗೆ ನಮ್ಮ ನಾಲಗೆ ಒಗ್ಗಲು ಎರಡು ದಿನ ಹಿಡಿಯಿತು. 1939ನೆಯ ಇಸವಿ ಸೆಪ್ಟೆಂಬರ್ 1ರ ಬೆಳಗಿನ ಜಾವ, ಈ ಊರಿನ ರೇವಿನ ಬಾಯಲ್ಲಿರುವ ವೆಸ್ಟರ್‌ಪ್ಲಾಟೆ ಎಂಬ ನೆಲದ ಮೇಲೆ ಜರ್ಮನ್ ಯುದ್ಧನೌಕೆಯೊಂದು ಗುಂಡುಗಳನ್ನು ಸುರಿಸಿತು. ಎರಡನೆಯ ಮಹಾಯುದ್ಧಕ್ಕೆ ಮೊದಲಾಯಿತು. ಇಷ್ಟನ್ನು ಚರಿತ್ರೆ ಓದಿದವರೆಲ್ಲರೂ ಬಲ್ಲರು. ಆದರೆ ಇಷ್ಟರಿಂದಲೇ ಆ ಊರನ್ನು ಅರಿತಂತಾಗಲಿಲ್ಲವೆಂಬುದು, ನಾಲ್ಕು ದಿನ ಅಲ್ಲಿದ್ದು ಬಂದ ನಮಗೆ ಮನವರಿಕೆಯಾಯಿತು.

ಪಶ್ಚಿಮದ ಸುವರ್ಣದ್ವಾರವನ್ನು ಹೊಕ್ಕರೆ ಉದ್ದನೆಯ ಬೀದಿಯೊಂದು ಸಿಕ್ಕುತ್ತದೆ. ಪುರಭವನದ ಬಳಿ ಅದೇ ಅಗಲವಾಗಿ ಪೇಟೆಯ ಚೌಕವಾಗುತ್ತದೆ. ಎರಡು ಕಡೆಯೂ ಒಂದಕ್ಕೊಂದು ಆತು ನಿಂತ ವರ್ತಕರ ಮನೆಗಳು. ಅಗಲ ಕಿರಿದು, ಎತ್ತರ ಹಿರಿದು. ಒಂದೊಂದರ ನೆತ್ತಿಗೂ ಒಂದೊಂದು ಬಗೆಯ ಮುಕುಟ. ನಡುವೆ ಕಾರಂಜಿಯ ಮೇಲೆ, 1633ರಲ್ಲಿ ಸ್ಥಾಪಿತನಾದ ನೆಪ್ಚೂನನೆಂಬ ಸಮುದ್ರದೇವತೆ ಕಂಚಿನ ಮೈತಾಳಿ ನಿಂತಿದ್ದಾನೆ. ಅವನ ಕೈಯ ತ್ರಿಶೂಲವನ್ನು ಕಂಡಾಗ ನಮ್ಮ ತಂಡದ ಹಿರಿಯರೊಬ್ಬರ ಕೈಗಳು ತಾವಾಗಿಯೇ ಜೋಡಿದವು! ಸಮೀಪದ ಮರಿಯಾ ಬೀದಿಯಲ್ಲಿ ಪ್ರತಿ ಮನೆಯ ಮುಂದೆಯೂ ಮೆಟ್ಟಿಲೇರಿ ಹೋಗುವ ಕಲ್ಲಿನ ಜಗಲಿಯುಂಟು. ಜಗಲಿಯ ಕೆಳಗಿನ ಅಂಗಡಿಗಳಲ್ಲಿ, ಕೋಟ್ಯಂತರ ವರ್ಷಗಳ ಹಿಂದೆ ಮರಗಳಿಂದ ಒಸರಿ ಗಟ್ಟಿಯಾದ ಅಂಬರ್ ಎಂಬ ಹೊಂಬಣ್ಣದ ರಾಳವನ್ನು ಸರಗಳಾಗಿ ಪೋಣಿಸಿ ಮಾರುತ್ತಾರೆ. ಬೀದಿಯ ಕೊನೆಗೆ, 1343ರಲ್ಲಿ ಆರಂಭವಾಗಿ 1502ರಲ್ಲಿ ಮುಗಿದ ಸಂತ ಮೇರಿಯ ದೇವಾಲಯ. ಸುಮಾರು 345 ಅಡಿ ಉದ್ದದ, ಇಟ್ಟಿಗೆಯಿಂದಲೇ ಎದ್ದ ಪರ್ವತ.

ಮೊಟ್ವಾವಾ ನದಿಯ ದಡದಲ್ಲಿ, ಇಟ್ಟಿಗೆಯ ಎರಡು ಬುರುಜುಗಳ ನಡುವೆ, ಹದಿನೈದನೆಯ ಶತಮಾನದ ಮರದ ಭಾರಯಂತ್ರವು ನೀರಿನ ಮೇಲೆ ತಲೆಚಾಚಿ ನಿಂತಿದೆ. ಅದರೊಳಗಿನ ಭಾರಿ ಚಕ್ರಗಳ ಹೊಟ್ಟೆಯಲ್ಲಿ ಆಳುಗಳು ನಡೆಯುತ್ತಿದ್ದರು. ಅವರು ನಡೆದಂತೆ ಚಕ್ರ ತಿರುಗಿ, ಹಗ್ಗ ಸುತ್ತಿಕೊಂಡು, ಹಡಗಿನ ಸರಕೂ ಕೂವೆಮರವೂ ಮೇಲೇರುತ್ತಿದ್ದವು. ದಿನವೆಲ್ಲ ನಡೆದರೂ ಒಂದು ಗಜ ಮುಂದೆ ಸಾಗದ ಆ ನಡಿಗೆಯ ಮೇಲೆ ಈ ಊರಿನ ಐಶ್ವರ್ಯವು ಬೆಳೆದಿತ್ತು.

ಆ ಐಶ್ವರ್ಯದ ಮೂಲವು ಸರಳವಾದುದು. ಪೋಲೆಂಡಿನ ಬಯಲುಗಳ ಧಾನ್ಯವೂ ಮರಮಟ್ಟೂ ವಿಸ್ಟುಲಾ ನದಿಯಲ್ಲಿ ತೇಲಿಬಂದು, ಇಲ್ಲಿಂದ ಪಶ್ಚಿಮ ಯೂರೋಪಿಗೆ ಹಡಗೇರುತ್ತಿದ್ದವು. 1308ರಿಂದ ಟ್ಯೂಟಾನಿಕ್ ವೀರಸಂಘದ ಕೈಯಲ್ಲಿದ್ದ ಪಟ್ಟಣವು 1454ರಲ್ಲಿ ದಂಗೆಯೆದ್ದು ಪೋಲೆಂಡಿನ ದೊರೆಯ ಆಶ್ರಯವನ್ನು ಸೇರಿತು. 1793ರವರೆಗೆ ಹಾಗೆಯೇ ಇದ್ದಿತು. ದೊರೆ ಕ್ಯಾಥೊಲಿಕನು, ಪುರಜನರಲ್ಲಿ ಬಹುಮಂದಿ ಲೂಥರನ ಮತದವರು. ದೊರೆಯ ನುಡಿ ಪೋಲಿಷ್, ಪೇಟೆಯ ನುಡಿ ಜರ್ಮನ್. ಹೀಗಿದ್ದೂ ಊರು ತನ್ನ ಆಡಳಿತವನ್ನು ತಾನೇ ನಡೆಸಿಕೊಂಡಿತು; ಡಚ್ಚರೂ ಸ್ಕಾಟರೂ ಬಂದು ನೆಲೆಸಿದರು. ಇಲ್ಲಿಯ ಹೆವೇಲಿಯಸ್ ಎಂಬಾತನು ಬಿಯರು ತಯಾರಿಸುವ ಕಸುಬಿನವನಾಗಿದ್ದು, ತನ್ನ ಮನೆಗಳ ಮಾಳಿಗೆಯ ಮೇಲೆಯೇ ವೇಧಶಾಲೆಯನ್ನು ಕಟ್ಟಿಕೊಂಡು, 1647ರಲ್ಲಿ ಚಂದ್ರಮಂಡಲದ ಪಟಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಉಷ್ಣಮಾಪಕಕ್ಕೆ ಹೆಸರಾದ ಫಾರನ್‌ಹೀಟನೂ, ನಮ್ಮ ಉಪನಿಷತ್ತುಗಳನ್ನು ಲ್ಯಾಟಿನ್ ಭಾಷಾಂತರದಲ್ಲಿ ಓದಿ ಮನಸೋತ ಷೋಪೆನ್‌ಹೌವರನೂ ಹುಟ್ಟಿದುದು ಇದೇ ಊರಿನಲ್ಲಿ.

ಇಷ್ಟೆಲ್ಲವನ್ನೂ ಕಂಡು ಕೇಳಿ ನಾವು ಪುರಾತನತ್ವದ ಮೋಡಿಯಲ್ಲಿದ್ದಾಗ, ಸಂಗ್ರಹಾಲಯದಲ್ಲಿ 1945ರ ಛಾಯಾಚಿತ್ರಗಳನ್ನು ನೋಡಿದೆವು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಸೋವಿಯತ್ ಸೈನ್ಯವು ಪಟ್ಟಣವನ್ನು ಗೆದ್ದಾಗ, ಹಳೆಯ ನಡುಪೇಟೆಯ ಹತ್ತರಲ್ಲಿ ಒಂಬತ್ತು ಪಾಲು ಹಾಳಾಗಿ ಹೋಗಿತ್ತು. ಭಾರಯಂತ್ರದ ಮರವೆಲ್ಲ ಬೂದಿ. ದೇವಾಲಯದ ಚಾವಣಿ ನೆಲಸಮ. ನಾವು ಮೆಚ್ಚಿ ತಲೆದೂಗಿದ ಮುಕುಟಗಳಲ್ಲಿ ಬಹುಪಾಲು, ಯುದ್ಧಾನಂತರ ಎದ್ದವು. ನಮ್ಮೊಡನಿದ್ದ ಇತಿಹಾಸದ ಅಧ್ಯಾಪಕರಿಗೆ ಇದರಿಂದ ತುಂಬ ನಿರಾಶೆಯಾಯಿತು. "ಹಾಗಾದರೆ ನಾವು ನೋಡಿದುದು ಊರಲ್ಲ, ನಾಟಕದ ಪರದೆ" ಎಂದರು. ಈ ಮಾತನ್ನು ನಾವು ಆಗ ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಅವರ ಆಕ್ಷೇಪಣೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಮುಂಭಾಗಗಳನ್ನು ಹಳೆಯ ಮಾದರಿಯಲ್ಲಿ ಎಬ್ಬಿಸಿ, ಒಳಗೆ ಮಾತ್ರ ಇಂದಿನವರ ವಾಸಕ್ಕೆ ಅನುಕೂಲವಾದ ಕೋಣೆಗಳನ್ನು ಕಟ್ಟಿದರು. ಇನ್ನೂ ಒಂದು ಸಂಗತಿಯುಂಟು. ಪೋಲಿಷ್ ದೊರೆಗಳ ಕಾಲದ ವೈಭವವನ್ನು ಆದರದಿಂದ ಮರಳಿ ತಂದವರು, ತರುವಾಯದ ಪ್ರಷ್ಯನ್ ಆಳ್ವಿಕೆಯ ಗುರುತುಗಳ ವಿಷಯದಲ್ಲಿ ಅಷ್ಟು ಆದರವನ್ನು ತೋರಲಿಲ್ಲ. ನಾತ್ಸಿಗಳ ಕಾಲದಲ್ಲಿ, 1939ರಲ್ಲಿ, ಕೆಡವಲಾದ ಯೆಹೂದ್ಯರ ಮಹಾಮಂದಿರವು ಮತ್ತೆ ಏಳಲಿಲ್ಲ. ಊರಿನ ಜರ್ಮನ್ ನಿವಾಸಿಗಳಲ್ಲಿ ಬಹುತೇಕರು ಓಡಿಹೋದರು, ಇಲ್ಲವೇ ಹೊರದೂಡಲ್ಪಟ್ಟರು. ತಲೆತಲಾಂತರದ ಮನೆಯನ್ನು ಕಳೆದುಕೊಂಡ ಅವರೆಲ್ಲರೂ ಅಪರಾಧಿಗಳಾಗಿರಲಿಲ್ಲ. ಹಳೆಯದನ್ನು ಮತ್ತೆ ಕಟ್ಟುವವನು ಯಾವುದನ್ನು ನೆನೆಯಬೇಕು, ಯಾವುದನ್ನು ಮರೆಯಬೇಕು ಎಂಬುದನ್ನೂ ತಾನೇ ನಿರ್ಣಯಿಸುತ್ತಾನೆ. ಸುಂದರವಾದ ಬೀದಿಯಲ್ಲಿ ನಡೆಯುವ ಪ್ರವಾಸಿಯು ಇದನ್ನು ಮರೆಯತಕ್ಕದ್ದಲ್ಲ.

ಆದರೆ ಕಟ್ಟಿದವರು ಯಾರೆಂಬುದನ್ನೂ ನೋಡಬೇಕು. ಹೊಸದಾಗಿ ಬಂದ ಪೋಲರಲ್ಲಿ ಹಲವರು, ಗಡಿಗಳು ಬದಲಾದ ಕಾರಣ ವಿಲ್ನೋ, ಲ್ವೂಫ್ ಮೊದಲಾದ ಪೂರ್ವದ ಊರುಗಳನ್ನು ಬಿಟ್ಟುಬಂದವರು. ಇನ್ನು ಕೆಲವರು ಹಾಳುಬಿದ್ದ ವಾರ್ಸಾದಿಂದ ಬಂದವರು. ಇಲ್ಲಿಯ ಮನೆಗಳಲ್ಲಿ ಅವರ ಅಜ್ಜ ಮುತ್ತಜ್ಜಂದಿರಾರೂ ಬಾಳಿರಲಿಲ್ಲ. ಕಲ್ಲುಮಣ್ಣಿನ ರಾಶಿಯನ್ನು ಗುಡಿಸಿಹಾಕಿ, ಅಗ್ಗದ ಪೆಟ್ಟಿಗೆಮನೆಗಳನ್ನು ಕಟ್ಟಿಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆ ರಾಶಿಯಿಂದ ಕೆತ್ತನೆಯ ಚೂರುಗಳನ್ನು ಹೆಕ್ಕಿ, ಹಳೆಯ ಚಿತ್ರಗಳನ್ನು ಹುಡುಕಿ, ಅವರು ಇನ್ನೊಬ್ಬರ ಪೂರ್ವಿಕರ ಮನೆಗಳನ್ನು ಎತ್ತಿ ನಿಲ್ಲಿಸಿದರು. ಯುದ್ಧಕಾಲದಲ್ಲಿ ಬಚ್ಚಿಟ್ಟಿದ್ದ ನೆಪ್ಚೂನನು 1954ರಲ್ಲಿ ತನ್ನ ಪೀಠಕ್ಕೆ ಮರಳಿದನು.

ಹೀಗೆ ಕಟ್ಟಿದ ಊರು ಅವರದಾಯಿತೇ? ಇದಕ್ಕೆ ಉತ್ತರವು ನಮಗೆ ದೊರೆತುದು ಹಡಗುಕಟ್ಟೆಯ ಹೆಬ್ಬಾಗಿಲಿನಲ್ಲಿ. 1970ರ ಡಿಸೆಂಬರಿನಲ್ಲಿ, ಬೆಲೆಯೇರಿಕೆಯನ್ನು ಪ್ರತಿಭಟಿಸಿದ ಕರಾವಳಿಯ ಕೆಲಸಗಾರರ ಮೇಲೆ ಸರ್ಕಾರವು ಗುಂಡು ಹಾರಿಸಿ ಹಲವರನ್ನು ಕೊಂದಿತು. ಹತ್ತು ವರ್ಷಗಳ ತರುವಾಯ, 1980ರ ಆಗಸ್ಟ್ 14ರಂದು, ಅದೇ ಕಟ್ಟೆಯಲ್ಲಿ ಮುಷ್ಕರ ಹೂಡಿದರು. ನಿವೃತ್ತಿಗೆ ಐದೇ ತಿಂಗಳಿದ್ದಾಗ ಕೆಲಸದಿಂದ ತೆಗೆಯಲ್ಪಟ್ಟ ಆನ್ನಾ ವಾಲೆಂಟಿನೋವಿಚ್ ಎಂಬಾಕೆಯನ್ನು ಮರಳಿ ಸೇರಿಸಿಕೊಳ್ಳಬೇಕೆಂಬುದು ಅವರ ಮೊದಲ ಬೇಡಿಕೆಗಳಲ್ಲೊಂದು. ಆಕೆ ಭಾರಯಂತ್ರವನ್ನು ನಡೆಸುವ ಕೆಲಸದವಳು. ನದಿಯ ದಡದ ಚಕ್ರದೊಳಗೆ ನಡೆದ ಆಳುಗಳ ವೃತ್ತಿಬಂಧು! ಲೆಖ್ ವಾವೆನ್ಸಾ ಎಂಬ ವಿದ್ಯುತ್ ಕೆಲಸಗಾರನು ಮುಂದಾಳಾದನು. ಮರದ ಹಲಗೆಗಳ ಮೇಲೆ 21 ಬೇಡಿಕೆಗಳನ್ನು ಬರೆದು ಬಾಗಿಲಿಗೆ ತೂಗುಹಾಕಿದರು. ಆಗಸ್ಟ್ 31ರಂದು ಸರ್ಕಾರವು ಒಪ್ಪಂದಕ್ಕೆ ರುಜು ಹಾಕಿತು; ಸಾಲಿಡಾರಿಟಿ ಎಂಬ ಕಾರ್ಮಿಕ ಸಂಘವು ಜನಿಸಿತು. ಆ ವರ್ಷದ ಡಿಸೆಂಬರಿನಲ್ಲೇ, ಗುಂಡು ಹಾರಿಸಿದ ವ್ಯವಸ್ಥೆಯು ಇನ್ನೂ ಆಳುತ್ತಿರುವಾಗಲೇ, ಮಡಿದವರ ನೆನಪಿಗೆ ಸುಮಾರು 140 ಅಡಿ ಎತ್ತರದ ಮೂರು ಶಿಲುಬೆಗಳನ್ನು ಅಲ್ಲಿ ನಿಲ್ಲಿಸಿದರು. ಮುಂದಿನ ವರ್ಷವೇ ಸೈನಿಕ ಶಾಸನವು ಬಂದು ಸಂಘವನ್ನು ಅದುಮಿತಾದರೂ, 1989ರಲ್ಲಿ ಆ ವ್ಯವಸ್ಥೆಯೇ ಉರುಳಿತು. ಆ ಹಲಗೆಗಳನ್ನು ಯುನೆಸ್ಕೋ ಸಂಸ್ಥೆಯು 2003ರಲ್ಲಿ ಜಗತ್ತಿನ ಸ್ಮರಣೆಯ ಪಟ್ಟಿಗೆ ಸೇರಿಸಿತು.

ಹಲಗೆಗಳ ಮುಂದೆ ನಮ್ಮ ಅಧ್ಯಾಪಕರು ಬಹಳ ಹೊತ್ತು ನಿಂತಿದ್ದರು. ಪರದೆಯ ಮಾತನ್ನು ಅವರು ಮತ್ತೆ ಆಡಲಿಲ್ಲ. ಒಂದು ಊರಿಗೆ ಬಂದು ನೆಲೆಸಿದವರು ಅದರ ಗೋಡೆಗಳ ಹೊಣೆಯನ್ನೂ, ಅಲ್ಲಿ ನಡೆಯುವ ನ್ಯಾಯ ಅನ್ಯಾಯಗಳ ಹೊಣೆಯನ್ನೂ ಹೊತ್ತರೆ, ಆ ಊರು ಅವರದಾಗುತ್ತದೆಂದು ನಮಗೆ ತೋರಿತು. ಹಿಂದಿನವರ ನೋವನ್ನು ಇದು ಅಳಿಸಲಾರದು. ಅದನ್ನು ನೆನೆಯುವುದೂ ಆ ಹೊಣೆಯ ಒಂದು ಭಾಗವೇ ಸರಿ.

ಅಲ್ಲಿಗೆ ಹೋಗುವ ಶ್ರೋತೃಗಳಿಗೆ ನಮ್ಮದೊಂದು ಸೂಚನೆ. ಸಂತ ಮೇರಿ ದೇವಾಲಯದ ಗೋಪುರಕ್ಕೆ ನಾನೂರಕ್ಕೂ ಹೆಚ್ಚು ಮೆಟ್ಟಿಲುಗಳುಂಟು. ಮೊಣಕಾಲು ಒಪ್ಪಿದರೆ ಅವನ್ನು ಹತ್ತತಕ್ಕದ್ದು. ಒಂದು ಕಡೆ ಹೆಂಚಿನ ಕೆಂಪು ಮಾಡುಗಳು, ಇನ್ನೊಂದು ಕಡೆ ಹಡಗುಕಟ್ಟೆಯ ಕಬ್ಬಿಣದ ಭಾರಯಂತ್ರಗಳು, ಎರಡೂ ಒಂದೇ ನೋಟಕ್ಕೆ ಸಿಕ್ಕುತ್ತವೆ. ಬಹುಮಂದಿ ಪ್ರವಾಸಿಗಳು ಮೊದಲನೆಯದರ ಚಿತ್ರವನ್ನು ತೆಗೆದುಕೊಂಡು ಇಳಿದುಬಿಡುತ್ತಾರೆ; ತಾವು ಎರಡನೆಯದನ್ನೂ ಕಣ್ತುಂಬ ನೋಡಿ ಇಳಿಯಬೇಕು.